ಮೆಕ್ಸಿಕೋ ಸಾನ್

ಜಪಾನಿನ ನಿಶಿ ಕಸಾಯಿಯಲ್ಲಿ ನಾನು ಹೊಟ್ಟೆ ಕರಗಿಸಲೆಂದು ಸೇರಿದ್ದ ಬಾಕ್ಸಿಂಗ್ ಜಿಮ್‌ನಲ್ಲಿ ಅವನನ್ನು ಎಲ್ಲರೂ 'ಮೆಕ್ಸಿಕೋ ಸಾನ್', ಅಂದರೆ ಮೆಕ್ಸಿಕೋದವರು, ಎನ್ನುತ್ತಿದ್ದರು. ಅಲ್ಲಿನ ಹುಡುಗರ ಎದುರು ಸೆಣಸಲು ಕರೆತಂದಿದ್ದ ಬಾಕ್ಸರ್ ಅವನು. ಕೈಗೆ ಬ್ಯಾಂಡೇಜ್ ಸುತ್ತಿಕೊಳ್ಳುತ್ತ, ತಲೆಯೆತ್ತದೆ, ಪ್ರತಿ ಸಲವೂ ತಿದ್ದುತ್ತಿದ್ದ: "ಮೆಕ್ಸಿಕೋ ಅಲ್ಲ. ನಿಕರಾಗುವಾ."

ಕೋಚ್ ನಕ್ಕುಬಿಡುತ್ತಿದ್ದರು. ಮೆಕ್ಸಿಕೋದವನೆಂದರೆ ಜನ ಬರುತ್ತಾರೆ, ಆ ಇನ್ನೊಂದು ದೇಶ ಯಾರಿಗೆ ಗೊತ್ತು ಎಂಬುದು ಅವರ ಲೆಕ್ಕಾಚಾರ. ಪೋಸ್ಟರಿನಲ್ಲೂ ಹಾಗೆಯೇ ಹಾಕಿಸಿದರು. ಮೆಕ್ಸಿಕೋ ಬಾವುಟದ ಹಸಿರು, ಬಿಳಿ, ಕೆಂಪು ಬಣ್ಣದ ಚಡ್ಡಿಯನ್ನೂ ಹೊಲಿಸಿದರು. ಅವನು ಅದರ ಒಳಮಗ್ಗುಲಿಗೆ ತನ್ನ ಬಾವುಟದ ನೀಲಿ-ಬಿಳಿ ರಿಬ್ಬನ್ನೊಂದನ್ನು ತಾನೇ ಹೊಲಿದುಕೊಂಡ.

"ಬಿಟ್ಬಿಡು. ನನ್ನನ್ನೂ ಇಲ್ಲಿ ಎಲ್ರೂ ಹಿಂದಿಯವನು ಅಂದ್ಕೊಂಡಿದ್ದಾರೆ, ನಾನು ಸುಮ್ನಿದ್ದೀನಲ್ಲ" ಎಂದೆ.

"ಅದಕ್ಕೇ ಅಂದ್ಕೊಂಡಿದ್ದಾರೆ" ಎಂದ.

ಅವನಿಗೆ ಜಪಾನೀ ಬಾರದ್ದರಿಂದ ಪಂದ್ಯದ ದಿನ ದುಭಾಷಿಯಾಗಿ ನನ್ನನ್ನೇ ಕರೆದೊಯ್ದರು. ಮೆಕ್ಸಿಕೋದ ಒಂದಷ್ಟು ಜನ ಅವನು ತಮ್ಮವನೆಂದೇ ನಂಬಿ ಬಾವುಟ ಬೀಸುತ್ತ ಕೂಗಿದರು. ನಾಲ್ಕನೇ ಸುತ್ತಿನಲ್ಲಿ ದವಡೆಗೆ ಏಟು ಬಿದ್ದು ಅವನು ಕುಸಿದ. ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದರು. ಪ್ರಜ್ಞೆ ಸರಿಯಾಗಿದೆಯೇ ಎಂದು ತಿಳಿಯಲು ಡಾಕ್ಟರ್ ಕೇಳಿದ ಪ್ರಶ್ನೆಯನ್ನು ನಾನು ಇಂಗ್ಲಿಷಿನಲ್ಲಿ ಅವನಿಗೆ ಹೇಳಿದೆ.

"ನಿನ್ನ ದೇಶ ಯಾವುದು?"

ಅವನು, ಜನ ಬೀಸುತ್ತಿದ್ದ ಬಾವುಟಗಳನ್ನು ನೋಡಿದ, ತನ್ನ ಚಡ್ಡಿಯನ್ನು ನೋಡಿಕೊಂಡ.

"ಮೆಕ್ಸಿಕೋ" ಎಂದ.

ಡಾಕ್ಟರ್ ಸಮಾಧಾನದಿಂದ ತಲೆಯಾಡಿಸಿ ಹೊರಟರು. ನಾನು ಕ್ಷಮೆ ಕೇಳುತ್ತ ಅವರ ತೋಳು ಹಿಡಿದುಕೊಂಡೆ.

"ಸುಮಿಮಾಸೆನ್, ಆಂಬುಲೆನ್ಸ್ ಕರೆಸಿ."