ಮಾಲಕರಿಲ್ಲದ ಖಂಡೇನವಮಿ

ಬ್ಯಾಂಕಿನ ವೃತ್ತಿಯಲ್ಲಿ ಸಾಲ ಕೊಡಬಲ್ಲವರು ಬಹಳ ಮಂದಿ, ವಸೂಲಿ ಮಾಡಬಲ್ಲವರು ಅದಕ್ಕಿಂತ ಕೊಂಚ ಕಡಿಮೆ. ಆದರೆ ಹಗಲೆಲ್ಲ ಬಂಡವಾಳದ ಚಾಕರಿ ಮಾಡಿ, ಸಂಜೆಯಾದೊಡನೆ ಈ ಬಂಡವಾಳಶಾಹಿ ಇನ್ನೆಷ್ಟು ಕಾಲ ಬಾಳೀತು, ಅದರ ಜಾಗಕ್ಕೆ ಮತ್ತೇನು ಬಂದೀತು ಎಂದು ಮನಸಾರೆ ತಲೆ ಕೆಡಿಸಿಕೊಂಡವರು ನಾನು ಕಂಡಂತೆ ಒಬ್ಬರೇ. ಅವರೇ ಈ ಸಂಪುಟದ ಗೌರವಕ್ಕೆ ಪಾತ್ರರಾದ ಶ್ರೀ ಬಿಂದುಮಾಧವ ಕೊಲ್ಹಾರ ಅವರು. ಅವರ ಗುಣಗಾನ ಮಾಡುವ ಯೋಗ್ಯತೆ ನನಗೆಷ್ಟಿದೆಯೋ ತಿಳಿಯದು, ಅವರೊಡನೆ ವಾದಕ್ಕೆ ಬಿದ್ದ ಅನುಭವವಂತೂ ಧಾರಾಳವಾಗಿದೆ. ಸಂಪಾದಕರು ಆ ಭರವಸೆಯ ಮೇಲೆಯೇ ನನಗೆ ಈ ಲೇಖನವನ್ನು ಒಪ್ಪಿಸಿದ್ದಾರೆಂದು ಭಾವಿಸಿದ್ದೇನೆ.

ನಾನು ಅಂಗಡಿಯವರ ಮನೆಯ ಮಗಳು. ಬೀದರ ಜಿಲ್ಲೆಯಿಂದ ಬಂದು ನಾಸಿಕದಲ್ಲಿ ಬಟ್ಟೆ ಅಂಗಡಿ ಇಟ್ಟ ವಿಶ್ವನಾಥಪ್ಪನವರು ನನ್ನ ತಂದೆ. ಲಾಭ ಎಂಬುದು ನಮ್ಮಲ್ಲಿ ಬೈಗುಳವಾಗಿರಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ಅದನ್ನು ಕುಂಕುಮದಿಂದ ಬರೆದು ಕೈ ಮುಗಿಯುತ್ತಿದ್ದೆವು. 2003ರಲ್ಲಿ ನಾನು ಗುಮಾಸ್ತೆಯಾಗಿ ಸೇರಿದ ನಾಸಿಕದ ಶಾಖೆಗೆ ಕೊಲ್ಹಾರ ಸಾಹೇಬರು ವಿಜಾಪುರದಿಂದ ವರ್ಗವಾಗಿ ಬಂದಿದ್ದರು. ಸಾಲ ವಿಭಾಗದ ಅಧಿಕಾರಿ. ಶರ್ಟಿನ ಬಟ್ಟೆ ಕೊಳ್ಳಲು ಒಮ್ಮೆ ನಮ್ಮ ಅಂಗಡಿಗೆ ಬಂದವರು ಮುಂದೆ ಪ್ರತಿ ಭಾನುವಾರ ಬರತೊಡಗಿದರು. ಬಟ್ಟೆ ಮಾತ್ರ ಮತ್ತೆ ಕೊಳ್ಳಲಿಲ್ಲ.

"ಸಾಹೇಬ್ರ, ಮಾಲಕ ಇಲ್ಲದ ಅಂಗಡಿ ನಡೀತದೇನ್ರಿ? ಗಾದಿ ಮ್ಯಾಲ ಕೂಡೋರು ಯಾರು?" ಎಂದು ನನ್ನ ತಂದೆ ಕೇಳುವರು.

"ಗಾದಿ ಉದ್ದ ಹೊಲಿಸೂಣ್ರಿ, ಎಲ್ಲಾರೂ ಕೂಡಲಿ," ಎಂದು ಇವರು.

ಚಹ ತಂದ ನನ್ನ ತಾಯಿ ಪ್ರೇಮಾಬಾಯಿ ಅಲ್ಲೇ ನಿಂತು, "ಅಷ್ಟುದ್ದ ಗಾದಿ ಕವರ್ ಒಗಿಯಾಕಿ ಮತ್ತ ನಾನಽ ಅಲ್ಲೇನ್ರಿ?" ಎಂದರು. ಸಾಹೇಬರು ಆ ಪ್ರಶ್ನೆಯನ್ನು ನಕ್ಕು ತೇಲಿಸಿಬಿಡಲಿಲ್ಲ. ಮುಂದಿನ ಭಾನುವಾರ ಬಂದವರು ಮೊದಲು ಹೇಳಿದ್ದು, "ವೈನಿ, ನಿಮ್ಮ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ರಿ" ಎಂದೇ.

ಅವರ ವಿಚಾರಗಳು ಎಷ್ಟು ದೂರದ ಲೋಕದವಾಗಿದ್ದರೂ ಅವರ ಉಪಕಾರಗಳು ಕೈಗೆ ಸಿಗುವಷ್ಟು ಹತ್ತಿರದವು. ದೇವಳಾಲಿ ಕ್ಯಾಂಪಿನ ಶಾಖೆಗೆ ಕೆಲವು ದಿನ ನಿಯೋಜನೆಯ ಮೇಲೆ ಹೋದಾಗ, ಪಿಂಚಣಿಗೆ ಬಂದ ಸೈನಿಕರ ವಿಧವೆಯರು ಬಿಸಿಲಿನಲ್ಲಿ ನಿಂತದ್ದನ್ನು ಕಂಡು, ವ್ಯವಸ್ಥಾಪಕರ ಕೋಣೆಯ ಸೋಫಾವನ್ನೇ ಎತ್ತಿಸಿ ವರಾಂಡದ ನೆರಳಿಗೆ ಹಾಕಿಸಿದರು. ವ್ಯವಸ್ಥಾಪಕರ ಅತಿಥಿಗಳು ವಾರವಿಡೀ ಸ್ಟೂಲಿನ ಮೇಲೆ ಕುಳಿತರು. ನಾನು ಬಡ್ತಿಯ ಸಂದರ್ಶನದಲ್ಲಿ ನಪಾಸಾಗಿ ಕಣ್ಣೊರೆಸಿಕೊಳ್ಳುತ್ತಿದ್ದಾಗ, "ಅಳೂದು ಆಮ್ಯಾಲ, ಮೊದಲ ಉಳ್ಳಾಗಡ್ಡಿ ನೋಡೂಣ ಬರ್ರಿ," ಎಂದು ಪಿಂಪಳಗಾಂವ್ ಬಸವಂತದ ಈರುಳ್ಳಿ ಮಾರುಕಟ್ಟೆಗೆ ಕರೆದುಕೊಂಡು ಹೋದರು. ಅಲ್ಲಿ ಸಾಲಾಗಿ ನಿಂತ ಟ್ರ್ಯಾಕ್ಟರುಗಳ ನಡುವೆ ವ್ಯಾಪಾರಿಗಳು ಬೆಲೆ ಕೂಗುತ್ತ ಸಾಗುತ್ತಿದ್ದರು, ಬೆಳೆದ ರೈತರು ಸುಮ್ಮನೆ ಕುಳಿತಿದ್ದರು.

"ಬೆಲಿ ಒಲ್ಲೆ ಅಂದ್ರ ರೈತರು ವಾಪಸ್ ಹೋಗಬಹುದಲ್ರಿ ಸರ್?" ಎಂದೆ.

"ಇಷ್ಟು ಉಳ್ಳಾಗಡ್ಡಿ ಮನಿಗೆ ಒಯ್ದು ಎಷ್ಟಂತ ಪಲ್ಯ ಮಾಡ್ಯಾರ್ರಿ?" ಎಂದರು. ಬೆಲೆ ಎಂದರೇನೆಂಬ ಪ್ರಶ್ನೆಗೆ ಮುಂದಿನ ಸಂದರ್ಶನದಲ್ಲಿ ಆ ಬೆಳಗಿನ ಬಲದಿಂದಲೇ ಉತ್ತರಿಸಿ ಪಾಸಾದೆ. ನಾನು ಈಗ ಕುಳಿತಿರುವ ಕುರ್ಚಿ ಅವರ ಉಪಕಾರ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೇ ಇದೆ.

2007ರಲ್ಲಿ ಅವರಿಗೆ ಔರಂಗಾಬಾದಿಗೆ ವರ್ಗವಾಯಿತು. ಆಗಲೇ ಹಲವರ ಬಾಯಲ್ಲಿ ಸಂಭಾಜಿನಗರವಾಗಿದ್ದ ಆ ಊರಿಗೆ ಮರುವರ್ಷ ನಾನೂ ಹೋದೆ. ಅಮೆರಿಕದ ದೊಡ್ಡ ಬ್ಯಾಂಕುಗಳು ಕುಸಿದ ಸುದ್ದಿ ಬಂದ ದಿನ, ಸಾಹೇಬರು ಇವತ್ತು ಪೇಢೆ ಹಂಚುತ್ತಾರೆಂದು ಶಾಖೆಯಲ್ಲಿ ನಾವೆಲ್ಲ ಚೇಷ್ಟೆ ಮಾಡಿದೆವು. ಅವರು ನಗಲಿಲ್ಲ. "ಮ್ಯಾಲಿನವರು ಬಿದ್ರ ಕೆಳಗಿನವರ ಮ್ಯಾಲಽ ಬೀಳ್ತಾರ. ಪೇಢೆ ಯಾಕ್ರಿ?" ಎಂದರು.

ವರ್ಷ ತುಂಬುವುದರೊಳಗೆ ಆ ಮಾತು ನಿಜವಾಯಿತು. ಊರಾಚೆ ಗಂಗಾಪುರದ ದಾರಿಯಲ್ಲಿ ಬೀದರ ಕಡೆಯ ಚಂದ್ರಾಮಪ್ಪನವರದೊಂದು ರಟ್ಟಿನ ಪೆಟ್ಟಿಗೆಯ ಸಣ್ಣ ಕಾರ್ಖಾನೆಯಿತ್ತು. ಗಿರಾಕಿಗಳು ಕಡಿಮೆಯಾಗಿ, ವಯಸ್ಸೂ ಆಗಿ, ಅವರು ಬೀಗ ಹಾಕುವುದೆಂದು ನಿರ್ಧರಿಸಿದರು. ಕೆಲಸಗಾರರು ಮೂವತ್ತು ಮಂದಿ, ಹೆಚ್ಚಿನವರು ಬೀದರ, ಕಲಬುರ್ಗಿಯವರು. ಕೊಲ್ಹಾರ ಸಾಹೇಬರು ಕಚೇರಿ ಮುಗಿದ ಮೇಲೆ ತಿಂಗಳುಗಟ್ಟಲೆ ಅಲ್ಲಿಗೆ ಎಡತಾಕಿ, ಅವರದೇ ಒಂದು ಸಹಕಾರಿ ಸಂಘ ಕಟ್ಟಿಸಿ, ಶೆಡ್ಡನ್ನೂ ಯಂತ್ರಗಳನ್ನೂ ಚಂದ್ರಾಮಪ್ಪನವರಿಂದ ಬಾಡಿಗೆಗೆ ಕೊಡಿಸಿದರು. ಪುಣೆಯಲ್ಲಿ ಬೇರೆ ಕೆಲಸ ಗೊತ್ತಾಗಿದ್ದವರೂ ಇವರ ಮಾತಿಗೆ ಉಳಿದುಕೊಂಡರು. ಸಾಹೇಬರ ಪತ್ನಿ ಮೃದುಲಾ ಅವರು ಆ ದಿನಗಳಲ್ಲಿ ನನ್ನೊಡನೆ ಹೇಳಿದ್ದರು: "ಜಯಮಾಲಾ, ಇವರಿಗೆ ಊಟ ಸೇರವಲ್ದು. ನನ್ನ ಮಾತು ನಂಬಿ ಮೂವತ್ತು ಮನಿ ನಿಂತಾವ, ಇದು ಮುಳುಗಿದ್ರ ಯಾವ ಮುಖ ತೋರಸ್ಲಿ ಅಂತಾರ." ಔಷಧದ ಒಂದು ಕಂಪನಿಯಿಂದ ಮೊದಲ ಆರ್ಡರ್ ಬಂದಿತ್ತು. ದಸರೆಯ ಮರುದಿನ ಬೆಳಿಗ್ಗೆ ಪೆಟ್ಟಿಗೆಗಳು ತಲುಪಬೇಕು, ತಪ್ಪಿದರೆ ಮುಂದೆ ಆರ್ಡರ್ ಇಲ್ಲ.

ಖಂಡೇನವಮಿಯ ಬೆಳಿಗ್ಗೆ ನಾವು ಮೂವರೂ ಹೋದೆವು. ಯಂತ್ರಕ್ಕೆ ಚೆಂಡು ಹೂವಿನ ಮಾಲೆ ಬಿದ್ದಿತ್ತು, ಯಂತ್ರ ಮಾತ್ರ ಶುರುವಾಗಿರಲಿಲ್ಲ. ಪ್ರತಿವರ್ಷ ಆಯುಧಪೂಜೆಗೆ ಮಾಲಕರು ಕಾಯಿ ಒಡೆದ ಮೇಲೆಯೇ ಗುಂಡಿ ಒತ್ತುವ ವಾಡಿಕೆ. ಈಗ ಒಡೆಯುವವರು ಯಾರು? ಹಿರಿಯ ಕೆಲಸಗಾರ ರಾಚಪ್ಪನವರನ್ನು ಕೇಳಿದರೆ, "ನಾ ಒಡದ್ರ ನಾಳಿಂದ ನನಗಽ ಮಾಲಕ ಅಂತಾರ್ರಿ, ಒಲ್ಲೆ," ಎಂದು ಹಿಂದೆ ಸರಿದಿದ್ದರು. ಕೊನೆಗೆ ಎಲ್ಲರೂ ಕೂಡಿ ವಿಚಾರ ಮಾಡಿ, ಬಹುಮತದಿಂದ ಗೊತ್ತುವಳಿ ಪಾಸು ಮಾಡಿ, ಚಂದ್ರಾಮಪ್ಪನವರನ್ನೇ ಮನೆಯಿಂದ ಕರೆತಂದಿದ್ದರು! ಹಳೆಯ ಮಾಲಕರು ಕಾಯಿ ಹಿಡಿದು ನಿಂತದ್ದನ್ನು ಕಂಡಾಗ ನಮ್ಮ ಸಾಹೇಬರ ಮುಖ ನೋಡುವಂತಿರಲಿಲ್ಲ. ಅಷ್ಟು ತಿಂಗಳ ಪಾಠ ನೀರಿನಲ್ಲಿ ಹೋಮವಾಗಿತ್ತು.

ಚಂದ್ರಾಮಪ್ಪನವರು ದೊಡ್ಡ ಮನುಷ್ಯರು. "ಮಷಿನ್ ನಡಸೋರು ನೀವು. ನಾ ಯಾಕ ಒಡೀಲಿ?" ಎಂದು ಕೆಲಸಗಾರರಿಗೆ ಹೇಳಿ ಕಾಯಿಯನ್ನು ಸಾಹೇಬರ ಕೈಗಿತ್ತರು. "ನೀವಽ ಒಡೀರಿ ಸಾಹೇಬ್ರ!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಇನ್ನೂ ದೊಡ್ಡ ಸಂಕಟ. ಒಡೆದರೆ ಅಂದಿನಿಂದ ಇವರೇ ಮಾಲಕರು. ಇಡೀ ಜಗತ್ತಿನ ಅರ್ಥವ್ಯವಸ್ಥೆಯನ್ನು ಬದಲಿಸುವ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು ಒಂದು ತೆಂಗಿನಕಾಯಿಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ನಿಂತರು. ಆಮೇಲೆ, "ಎಲ್ಲಾರಿಗೂ ಒಂದೊಂದು ಕಾಯಿ ತರ್ರಿ. ಕೂಡೇ ಒಡಿಯೂಣ," ಎಂದರು.

"ದೀಪಾವಳಿ ತನಕ ಚಟ್ನಿದು ಚಿಂತಿ ಇಲ್ಲ ಬಿಡ್ರಿ," ಎಂದರು ಅಂಟು ಹಚ್ಚುವ ಕಾಶಿಬಾಯಿ.

ಕಾಯಿಗಳು ಬಂದವು. ಮೂವತ್ತು ಮಂದಿ ಯಂತ್ರದ ಬುಡದಲ್ಲಿ ಒಮ್ಮೆಲೇ ಒಡೆದರು. ಆ ಸದ್ದಿಗೆ ನನ್ನ ಮೈ ಜುಮ್ಮೆಂದಿತು. ಮರುಕ್ಷಣವೇ ಎಲ್ಲರ ಕಣ್ಣೂ ನೆಲದ ಮೇಲೆ ಬಿತ್ತು. ಜನ್ಮವಿಡೀ ರಟ್ಟಿನಲ್ಲೇ ಕಳೆದವರಿಗಾಗಲಿ, ಅರ್ಥಶಾಸ್ತ್ರ ಓದಿಕೊಂಡವರಿಗಾಗಲಿ ಹೊಳೆಯದೇ ಹೋದ ಒಂದು ಸಂಗತಿಯಿತ್ತು: ಆರ್ಡರಿಗೆಂದು ಕತ್ತರಿಸಿಟ್ಟ ರಟ್ಟಿನ ಹಾಳೆಗಳನ್ನೆಲ್ಲ ಅಲ್ಲೇ ಪೇರಿಸಿದ್ದರು. ಕಾಯಿಯ ನೀರೆಲ್ಲ ಹರಿದು, ಸಿಡಿದು, ಹಾಳೆಗಳು ಅದನ್ನು ಕುಡಿದು ಉಬ್ಬಿದವು.

ಯಾರು ಬೈಯುತ್ತಾರೆಂದು ಒಬ್ಬರ ಮುಖವನ್ನೊಬ್ಬರು ನೋಡಿದರು. ಚಂದ್ರಾಮಪ್ಪನವರು ಅಭ್ಯಾಸಬಲದಿಂದ ಬಾಯಿ ತೆರೆದವರು ನೆನಪಾಗಿ ಮುಚ್ಚಿಕೊಂಡರು. ಸಾಹೇಬರ ಮುಖ ಬಿಳಿಚಿಹೋಗಿತ್ತು, ಮೃದುಲಾ ಅವರು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. ಆಗ ಕಾಶಿಬಾಯಿ, "ಅಯ್ಯ, ಬೈಯೋರಽ ಇಲ್ಲಲ್ರೀ ಇಲ್ಲಿ!" ಎಂದು ಕಿಸಕ್ಕನೆ ನಕ್ಕುಬಿಟ್ಟರು. ಆ ನಗು ಒಬ್ಬರಿಂದ ಒಬ್ಬರಿಗೆ ಹತ್ತಿ ಶೆಡ್ಡೆಲ್ಲ ತುಂಬಿತು. ಚಂದ್ರಾಮಪ್ಪನವರೂ ಹೊಟ್ಟೆ ಹಿಡಿದುಕೊಂಡರು. "ಬೈಯೂದಂತೂ ಹೋತು, ಫೋನರ ಮಾಡ್ತೀನಿ ತಡೀರಿ," ಎಂದು ಹಬ್ಬದ ದಿನವೇ ಪರಿಚಯದ ವ್ಯಾಪಾರಿಯ ಗೋದಾಮು ತೆರೆಸಿ ಹೊಸ ಹಾಳೆ ತರಿಸಿದರು. ಯಾರೂ ಯಾರಿಗೂ ಅಪ್ಪಣೆ ಕೊಡಲಿಲ್ಲ. ಕೆಲವರು ನೆಲ ಒರೆಸಿದರು, ರಾಚಪ್ಪನವರು ಗುಂಡಿ ಒತ್ತಿದರು, ದಸರೆಯ ರಜೆಯನ್ನು ಯಾರೂ ನೆನೆಯಲಿಲ್ಲ. ನಾನೂ ಸಾಹೇಬರೂ ಚೀಟಿ ಅಂಟಿಸಲು ಕುಳಿತೆವು. ಅವರು ಅಂಟಿಸಿದವೆಲ್ಲ ಸೊಟ್ಟ. "ಸಾಹೇಬ್ರ, ಇವನ್ನ ಮತ್ತ ಹಚ್ಚರಿ," ಎಂದು ರಾಚಪ್ಪನವರು ಮರಳಿಸಿದಾಗ ಸಾಹೇಬರ ಮುಖದಲ್ಲಿ ಕಂಡ ಸಂತೋಷವನ್ನು ಯಾವ ಬಡ್ತಿಯ ದಿನವೂ ನಾನು ಕಂಡಿರಲಿಲ್ಲ. ಪೆಟ್ಟಿಗೆಗಳು ಹೊತ್ತಿಗೆ ಸರಿಯಾಗಿ ತಲುಪಿದವು.

"ಬಂಡವಾಳಶಾಹಿ ಬದಲಾತೇನ್ರಿ ಸರ್?" ಎಂದು ಮನೆಗೆ ಮರಳುವಾಗ ಕೆಣಕಿದೆ.

"ಒಂದು ಶೆಡ್ಡಿನ್ಯಾಗ, ಎರಡು ದಿನ," ಎಂದರು. "ಮಾಲಕರು ಹೋಗೂದು ಸಸಾರರಿ. ಕೈ ಕಟಗೊಂಡು ದಾರಿ ಕಾಯೂ ಚಟ ಹೋಗೂದು ಕಠಿಣ. ನನಗೂ ಅದು ಈಗಽ ತಿಳೀತು."

ಆ ಶೆಡ್ಡಿನ ಗೇಟಿನಾಚೆ ಜಗತ್ತು ಇದ್ದ ಹಾಗೇ ಇದೆ. ಸಂಘ ಇಂದಿಗೂ ಪೇಟೆಯ ಬೆಲೆಗೆ ಹಾಳೆ ಕೊಳ್ಳುತ್ತದೆ, ಗಿರಾಕಿ ಹೇಳಿದ ಬೆಲೆಗೆ ಪೆಟ್ಟಿಗೆ ಮಾರುತ್ತದೆ. ಇದನ್ನು ನಾನು ಎತ್ತಿ ತೋರಿಸಿದಾಗಲೆಲ್ಲ ಅವರು ಒಪ್ಪಿಕೊಂಡಿದ್ದಾರೆ. ಆದರೂ ಸಂಘ ನಡೆದಿದೆ, ಅಧ್ಯಕ್ಷಗಿರಿ ಸರದಿಯಂತೆ ಎಲ್ಲರಿಗೂ ಬರುತ್ತಿದೆ. ಈಚೆಗೆ ನಿವೃತ್ತರಾದ ಸಾಹೇಬರನ್ನು ಸಂಘದವರು ಸಲಹೆಗಾರರಾಗಿ ಬರಬೇಕೆಂದು ಕರೆದರು. ಇವರು ಸದಸ್ಯನಾಗಿಯೇ ಬರುವೆನೆಂದರು. ಹಾಗಾದರೆ ಎಲ್ಲ ಹೊಸಬರಂತೆ ಆರು ತಿಂಗಳು ಅಂಟಿನ ಮೇಜಿನಲ್ಲಿ ಪರೀಕ್ಷಾರ್ಥ ದುಡಿಯಬೇಕೆಂದು ಸಭೆ ತೀರ್ಮಾನಿಸಿತು. ಅವರೀಗ ಅಲ್ಲಿದ್ದಾರೆ. ಕಾಯಂ ಆಗುವ ಲಕ್ಷಣ ಸದ್ಯಕ್ಕಿಲ್ಲವೆಂದು ಮೃದುಲಾ ಅವರ ವರದಿ.

ಪೂಜ್ಯರಿಗೆ ದೀರ್ಘಾಯುಷ್ಯವನ್ನೂ ಆರೋಗ್ಯವನ್ನೂ ನೆಟ್ಟಗೆ ಚೀಟಿ ಅಂಟಿಸುವ ಕೈಯನ್ನೂ ಹಾರೈಸುತ್ತೇನೆ. ನಮ್ಮ ವಾದದಲ್ಲಿ ನಾನು ಇನ್ನೂ ಸೋತಿಲ್ಲ, ಸೋಲುವೆನೆಂದು ಅನಿಸುವುದೂ ಇಲ್ಲ. ಆದರೆ ಆ ಶೆಡ್ಡಿನ ನಗುವನ್ನು ಕೇಳಿದಂದಿನಿಂದ, ಅಂಗಡಿಯವರ ಮಗಳಾದ ನಾನು ಜೀವನದಲ್ಲಿ ಮೊದಲ ಬಾರಿಗೆ ಸೋಲಬೇಕೆಂದು ಆಸೆಪಡುತ್ತಿದ್ದೇನೆ. ಆ ದಿನ ಬರಲಿ, ಅದನ್ನು ನೋಡಲು ಅವರಿರಲಿ.