ಬಿಳಿ ಡಬ್ಬಿ, ಕಪ್ಪು ಡಬ್ಬಿ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಹೋಟೆಲು ಇಟ್ಟಿರುವ ಮುಂಡಪ್ಪ ಒಂದು ಸೌಟು ಕೊಳ್ಳಬೇಕಾದರೂ ಮೂರು ಅಂಗಡಿ ಹತ್ತಿ ಇಳಿಯುವ ಆಸಾಮಿ. ಈಗ ಮಗಳು ಅನುಷ್ಕಾಳಿಗೆಂದು ಟಿವಿಗೆ ಜೋಡಿಸಿ ಗೇಮ್ ಆಡುವ ಕನ್ಸೋಲ್ ಹುಡುಕುತ್ತಿದ್ದಾನೆ. ಹೊಸದಾಗಿ ಬಂದಿರುವುದು ಎರಡು. ಅವನ ಬಾಯಲ್ಲಿ ಅವು ಬಿಳಿ ಡಬ್ಬಿ, ಕಪ್ಪು ಡಬ್ಬಿ. ಠಾಣೆಯಿಂದ ವಾಶಿಯವರೆಗೆ ಅವನು ಮೆಟ್ಟಿಲು ತುಳಿಯದ ಅಂಗಡಿಯಿಲ್ಲ. ಗ್ರೈಂಡರ್ ಕೊಳ್ಳುವವನಂತೆ ಡಬ್ಬಿಯ ಬೆನ್ನಿಗೆ ಅಂಗೈಯಿಟ್ಟು ಬಿಸಿ ನೋಡುತ್ತಾನೆ, ಫ್ಯಾನಿಗೆ ಕಿವಿಗೊಟ್ಟು “ಇದಕ್ಕೆ ಉಬ್ಬಸ ಉಂಟು ಮಾರಾಯ” ಎಂದು ತನ್ನಷ್ಟಕ್ಕೆ ಗೊಣಗುತ್ತಾನೆ. “ಗ್ರಾಫಿಕ್ಸ್ ದೇಖೋ ಅಣ್ಣಾ” ಎಂದು ಸೇಲ್ಸ್‌ಮನ್ ಬಡಕೊಂಡರೂ ಪರದೆಯತ್ತ ಕಣ್ಣೆತ್ತುವುದಿಲ್ಲ. ಕೊನೆಗೆ ಆಡುವ ರಿಮೋಟು ಕೇಳಿ ಪಡೆದು, ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ, ಎಡಗೈಯೊಂದರಲ್ಲೇ ಗುಂಡಿಗಳನ್ನು ತಡಕಾಡುತ್ತಾನೆ. ಪರದೆಯ ಮೇಲಿನ ಕಾರು ಹೋಗಿ ಗೋಡೆಗೆ ಬಡಿಯುತ್ತದೆ. “ದೋನೋ ಹಾಥ್ ಸೇ ಪಕಡೋ ಅಣ್ಣಾ” ಎಂದು ಎರಡೂ ಕೈಯಲ್ಲಿ ಹಿಡಿಯುವುದನ್ನು ತೋರಿಸಿ ಸೇಲ್ಸ್‌ಮನ್ ನಗುತ್ತಾನೆ. ಮುಂಬ್ರಾದ ಬಳಿ ತುಂಬಿದ ಲೋಕಲ್ ರೈಲಿನಿಂದ ಬಿದ್ದು ಬಲಗೈ ಕಳೆದುಕೊಂಡ ಅನುಷ್ಕಾ, ನಾಲ್ಕು ತಿಂಗಳ ಮೇಲೆ ಮೊನ್ನೆ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಅದನ್ನು ಮುಂಡಪ್ಪ ಯಾವ ಅಂಗಡಿಯಲ್ಲೂ ಹೇಳುವುದಿಲ್ಲ. “ದೂಸ್ರಾ ದಿಖಾವ್” ಎಂದು ಇನ್ನೊಂದು ಡಬ್ಬಿಯತ್ತ ಎಡಗೈ ತೋರುತ್ತಾನೆ. ಬಲಗೈಯನ್ನು ಮಾತ್ರ ಜೇಬಿನಿಂದ ತೆಗೆಯುವುದಿಲ್ಲ.