ದೊಡ್ಡಮ್ಮ ಡಿಲೀಟ್ ಆದ ಕಥೆ

ಮೊನ್ನೆ ನಾನು ನಮ್ಮ ದೊಡ್ಡಮ್ಮನನ್ನು ಡಿಲೀಟ್ ಮಾಡಿಬಿಟ್ಟೆ.

ಗಾಬರಿಯಾಗಬೇಡಿ. ದೊಡ್ಡಮ್ಮ ತರೀಕೆರೆಯಲ್ಲಿ ಗುಂಡುಕಲ್ಲಿನ ಹಾಗಿದ್ದಾಳೆ. ಹೋಗಿದ್ದು ನನ್ನ ಕಂಪ್ಯೂಟರಿನಿಂದ ಮಾತ್ರ. ಹೋಗಿದ್ದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ ಎನ್ನುವುದು ಇವತ್ತಿನ ವಿಷಯ.

ಐವತ್ತು ದಾಟಿದ ಮೇಲೆ ಕೆಲವರಿಗೆ ವಾಕಿಂಗ್ ಹುಚ್ಚು ಹಿಡಿಯುತ್ತದೆ. ನನಗೆ ಜಾವಾ ಎಂಬ ಕಂಪ್ಯೂಟರ್ ಭಾಷೆ ಹಿಡಿಯಿತು. ಕಡೂರಿನಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲೊಂದು ಕಂಪ್ಯೂಟರ್ ಕ್ಲಾಸ್. ಕಲಿಸುವ ಸುಮಾ ಮೇಡಂಗೆ ನನ್ನ ಅರ್ಧ ವಯಸ್ಸು. ಜಾವಾದಲ್ಲಿ ಎಲ್ಲವೂ ಆಬ್ಜೆಕ್ಟ್ ಎಂದರು. ಮನೆ ಒಂದು ಆಬ್ಜೆಕ್ಟ್, ಅದರೊಳಗೆ ಯಜಮಾನ, ಅವನೊಳಗೆ ಅವನ ಸಂಸಾರ. ನಮ್ಮ ಮನೆತನವನ್ನು ನೋಡಿಯೇ ಯಾರೋ ಈ ಭಾಷೆ ಮಾಡಿದ್ದಾರೆ ಅನ್ನಿಸಿ ಖುಷಿಯಾಯಿತು.

ಆಮೇಲೆ ಡೇಟಾಬೇಸ್ ಬಂತು. ಅಲ್ಲಿ ಸಂಸಾರವಿಲ್ಲ, ಬರೀ ಟೇಬಲ್. ಒಬ್ಬೊಬ್ಬರಿಗೆ ಒಂದೊಂದು ಸಾಲು, ಸಾಲಿಗೊಂದು ನಂಬರ್. ಯಾರು ಯಾರಿಗೆ ಏನಾಗಬೇಕು ಎನ್ನುವುದನ್ನೂ ನಂಬರಿನಲ್ಲೇ ಹೇಳಬೇಕು. ಆಬ್ಜೆಕ್ಟಿಗೂ ಟೇಬಲ್ಲಿಗೂ ಜಾತಕವೇ ಕೂಡುವುದಿಲ್ಲ. ಆದರೂ ಮದುವೆ ಮಾಡಿಸಲೇಬೇಕು! ಅದಕ್ಕೆಂದೇ ನಡುವೆ ಒಂದು ಬ್ರೋಕರ್ ಸಾಫ್ಟ್‌ವೇರ್. ಆಬ್ಜೆಕ್ಟ್ ಕೊಟ್ಟರೆ ಸಾಲು ಮಾಡುತ್ತದೆ, ಸಾಲು ಕೊಟ್ಟರೆ ಆಬ್ಜೆಕ್ಟ್ ಮಾಡುತ್ತದೆ. (ಬ್ರೋಕರುಗಳ ಹಾಗೆ ಎರಡೂ ಕಡೆ ಸುಳ್ಳು ಹೇಳುತ್ತದೋ ಏನೋ, ಗೊತ್ತಿಲ್ಲ.)

"ಪ್ರಾಜೆಕ್ಟ್ ಏನ್ ಮಾಡ್ತೀರಿ ಸಾರ್?" ಎಂದರು ಮೇಡಂ. ಅಜ್ಜಂಪುರದಲ್ಲಿರುವ ನನ್ನ ಅಕ್ಕನ ಮಗಳ ಮದುವೆ ನಿಶ್ಚಯವಾಗಿತ್ತು. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಗೊತ್ತಲ್ಲ? ಮನೆಮನೆಗೆ ಹೋಗಿ, ಕುಂಕುಮ ಇಟ್ಟು, ಪತ್ರಿಕೆ ಕೊಡಬೇಕು. ಒಂದೇ ಸೂರಿನಡಿ ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದ್ದರೆ ಒಲೆಗೊಂದು ಪತ್ರಿಕೆ. ಒಂದು ಒಲೆ ತಪ್ಪಿತೋ, ಮೂರು ತಲೆಮಾರು ಮಾತಿಲ್ಲ. ಕರೆಯಬೇಕಾದವರ ಪಟ್ಟಿಯನ್ನೇ ಪ್ರೋಗ್ರಾಮ್ ಮಾಡುತ್ತೇನೆ ಎಂದೆ.

ನನ್ನ ಬುದ್ಧಿವಂತಿಕೆ ನೋಡಿ. ಒಲೆಗೊಬ್ಬ ಯಜಮಾನ. ಹೆಂಡತಿಯ ಸಾಲಿಗೆ ಅವನ ನಂಬರ್ ಅಂಟಿಸಿದರಾಯಿತು, ಅವಳ ಹೆಸರಿನ ಜಾಗ ಖಾಲಿ ಬಿಟ್ಟರೂ ನಡೆಯುತ್ತದೆ. ಮೇಲೆ ಕ್ಯಾಸ್ಕೇಡ್ ಎಂಬ ಸವಲತ್ತು ಬೇರೆ. ಯಜಮಾನನನ್ನು ಅಳಿಸಿದರೆ ಅವನಿಗೆ ಅಂಟಿಕೊಂಡ ಸಾಲುಗಳೂ ತಾವಾಗಿಯೇ ಅಳಿಯುತ್ತವೆ. "ಯೋಚ್ನೆ ಮಾಡಿ ಹಾಕಿ ಸಾರ್" ಎಂದಿದ್ದರು ಮೇಡಂ. ಇದರಲ್ಲಿ ಯೋಚನೆ ಮಾಡುವುದೇನು? ಹಾಕಿದೆ.

ದೊಡ್ಡಪ್ಪ ಹೋದ ವರ್ಷ ತೀರಿಕೊಂಡಿದ್ದರು. ಸತ್ತವರ ಹೆಸರಿಗೆ ಪತ್ರಿಕೆ ಹೋಗಬಾರದಲ್ಲ, ಡಿಲೀಟ್ ಒತ್ತಿದೆ. ಅವರ ಗಂಡುಮಕ್ಕಳದು ಬೇರೆ ಒಲೆ, ಅವರೇ ಯಜಮಾನರು, ಉಳಿದುಕೊಂಡರು. ದೊಡ್ಡಮ್ಮ ಗಂಡನ ಹಿಂದೆಯೇ ಹೋದಳು. (ಸತಿ ಪದ್ಧತಿ ನಿಂತುಹೋಗಿದೆ ಎಂದು ಸ್ಕೂಲಿನಲ್ಲಿ ನಮಗೆ ಹೇಳಿಕೊಟ್ಟಿದ್ದರು.)

ಪ್ರಿಂಟಾದ ಪಟ್ಟಿಯನ್ನು ಅಕ್ಕನ ಮನೆಯಲ್ಲಿ ಎಲ್ಲರೂ ಕನ್ನಡಕ ಏರಿಸಿಕೊಂಡು ನೋಡಿದರು. ಹಿರೇನಲ್ಲೂರಿನ ದಾಯಾದಿಯೊಬ್ಬರ ಇನಿಷಿಯಲ್ ತಪ್ಪಿದೆ ಎಂದು ಭಾವ ಕಂಡುಹಿಡಿದರು. ಬುಕ್ಕಾಂಬುಧಿಯವರ ಎರಡು ಒಲೆ ಒಂದಾಗಿದೆ ಎಂದು ಅಕ್ಕ ರೇಗಿದಳು. ದೊಡ್ಡಮ್ಮ ಇಲ್ಲವೆಂದು ಮಾತ್ರ ಯಾರೂ ಹೇಳಲಿಲ್ಲ. ಅಕ್ಕ ಪಿಯುಸಿ ಓದಿದ್ದೇ ತರೀಕೆರೆಯಲ್ಲಿ, ಈ ದೊಡ್ಡಮ್ಮನ ಕೈಯಲ್ಲಿ ಉಂಡುಕೊಂಡು.

ಕರೆಯುವುದೆಲ್ಲ ಮುಗಿದ ಮೇಲೆ ದೊಡ್ಡಮ್ಮನ ಫೋನ್ ಬಂತು. "ಮಕ್ಳಿಗೆ ಪತ್ರಿಕೆ ಬಂತು ಕಣಪ್ಪಾ. ಮದ್ವೆ ಚೆನ್ನಾಗಿ ಮಾಡ್ರಿ. ಹುಡ್ಗಿಗೊಂದು ಸೀರೆ ತೆಗ್ದಿಟ್ಟಿದ್ದೆ, ಯಾರ ಕೈಲಾದ್ರೂ ಕಳಿಸ್ತೀನಿ."

ಬರುತ್ತೇನೆ ಎನ್ನಲಿಲ್ಲ. ಪಟ್ಟಿ ತೆಗೆದು ನೋಡಿದೆ, ಅವಳ ಸಾಲೇ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ.

"ಅಯ್ಯೋ, ಅದ್ಯಾವ ತಪ್ಪೋ? ಗಂಡ ಹೋದೋಳನ್ನ ಕುಂಕುಮ ಇಟ್ಟು ಹೆಂಗ್ ಕರೆಯೋದು ಅಂತ ನಾನೇ ಒದ್ದಾಡ್ತಿದ್ದೆ. ನಿನ್ ಕಂಪ್ಯೂಟ್ರೇ ಬಿಟ್ಬಿಡ್ತು. ಎಷ್ಟ್ ತಿಳುವಳ್ಕೆ ಐತೆ ನೋಡು ಅಂತ ನಿಮ್ ಭಾವನೂ ಹೊಗಳಿದ್ರು ಕಣೋ."

ನನ್ನ ಪ್ರೋಗ್ರಾಮನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಅದೂ ಅದರ ತಪ್ಪಿಗೆ! ಸಿಟ್ಟು ಬಂತು, ಅಕ್ಕನ ಮೇಲೂ, ನನ್ನ ಮೇಲೂ. ನಾನು ಫೀಸು ಕಟ್ಟಿ ಕಲಿತ ಕ್ಯಾಸ್ಕೇಡನ್ನು ನಮ್ಮ ಮನೆಯವರು ಯಾವ ಕ್ಲಾಸಿಗೂ ಹೋಗದೆ ತಲೆತಲಾಂತರದಿಂದ ಓಡಿಸುತ್ತಿದ್ದಾರೆ!

ಕ್ಯಾಸ್ಕೇಡ್ ಕಿತ್ತು ಹಾಕಿದೆ. ದೊಡ್ಡಮ್ಮನ ಒಲೆಗೆ ಅವಳನ್ನೇ ಯಜಮಾನಿಯಾಗಿ ಸೇರಿಸಲು ಹೋದೆ. ಕಂಪ್ಯೂಟರ್ ಒಪ್ಪಲಿಲ್ಲ, ಹೆಸರು ಬೇಕು ಎಂದಿತು. ಹೆಂಡತಿಯ ಹೆಸರು ಖಾಲಿ ಇರಬಹುದು, ಯಜಮಾನನದು ಇರಕೂಡದು ಎಂದು ನಿಯಮ ಬರೆದ ಮಹಾನುಭಾವ ನಾನೇ ತಾನೆ?

ದೊಡ್ಡಮ್ಮನ ಹೆಸರು ನನಗೆ ಗೊತ್ತಿರಲಿಲ್ಲ.

ಮತ್ತೆ ಅಕ್ಕನಿಗೆ ಫೋನ್. "ದೊಡ್ಡಮ್ಮ ಅಂದ್ರೆ ದೊಡ್ಡಮ್ಮ ಕಣೋ, ಅದಕ್ಕೊಂದು ಹೆಸ್ರು ಬೇರೆ..." ಎಂದವಳಿಗೆ ತನಗೂ ಹೆಸರು ಗೊತ್ತಿಲ್ಲವೆಂದು ಹೊಳೆಯಿತು. "ತರೀಕೆರೆಗೆ ಹೋಗಾಣ, ನಾನೂ ಬತ್ತೀನಿ" ಎಂದಳು.

ಹೋದೆವು. ಅಕ್ಕನ ಕೈಯಲ್ಲಿ ಕುಂಕುಮದ ಬಟ್ಟಲು, ನನ್ನ ಕೈಯಲ್ಲಿ ಹೆಸರು ಬರೆಯದ ಪತ್ರಿಕೆ. ಪೆನ್ನು ತೆಗೆದು ಕೇಳಿದೆ, "ನಿನ್ ಹೆಸ್ರೇನು ದೊಡ್ಡಮ್ಮಾ?"

ದೊಡ್ಡಮ್ಮ ಒಮ್ಮೆ ಹಿಂದೆ ತಿರುಗಿ ನೋಡಿದಳು. "ಯಾರ್ದು? ನಂದಾ?"

ಹೇಳಿದಳು, ಬರೆದುಕೊಂಡೆ. ಈಗ ಯಾರಿಗೂ ಫೋನ್ ಮಾಡದೆ ನೀವು ಹೇಳಿ ನೋಡೋಣ, ನಿಮ್ಮ ದೊಡ್ಡಮ್ಮನ ಹೆಸರೇನು?